ಸಸ್ಯಕೋಶ ವೀಕ್ಷಣೆ: ರಸದಾನಿಯ ಹಂತ

ಈರುಳ್ಳಿ ಪೊರೆಯಲ್ಲಿ ಕೋಶಭಿತ್ತಿಯನ್ನೂ ಅಯೋಡಿನ್ ಹಿಡಿದ ಕೋಶಕೇಂದ್ರವನ್ನೂ ಗುರುತಿಸುವ ಕೆಲಸ ಮುಗಿದಿರುವುದರಿಂದ ಈಗ ರಸದಾನಿಯನ್ನು, ಅಂದರೆ ಕೋಶದೊಳಗೆ ರಸ ತುಂಬಿಕೊಂಡಿರುವ ಚೀಲವನ್ನು (ವ್ಯಾಕ್ಯೂಲ್), ಕೈಗೆತ್ತಿಕೊಂಡಿದ್ದೇನೆ. ಬಲಿತ ಸಸ್ಯಕೋಶದ ಗಾತ್ರದಲ್ಲಿ ಶೇ. 80ರಿಂದ 90ರಷ್ಟನ್ನು ಕೋಶದೊಳಗಿನ ಈ ಒಂದೇ ಕಣದಂಗ (ಪುಟ್ಟ ಅಂಗ) ಆವರಿಸಿರಬಹುದಾದರೂ, ಅದರ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲದ ಕಾರಣ ಸೂಕ್ಷ್ಮದರ್ಶಕದಡಿ ಅದು ಬರಿಯ ಖಾಲಿ ಜಾಗದಂತೆ ತೋರುತ್ತದೆ.

ಮೊದಲು ಹೈಡ್ರಿಲಾ ಎಂಬ ನೀರುಗಿಡದ ಎಲೆಯನ್ನು ನೋಡಿದೆ. ಅದರ ದಪ್ಪ ಎರಡೇ ಪದರ ಕೋಶಗಳಷ್ಟಿರುವುದರಿಂದ ಕತ್ತರಿಸದೆ ನೇರವಾಗಿ ಸ್ಲೈಡಿನ ಮೇಲಿಡಬಹುದು. ಹಸಿರು ಕ್ಲೋರೋಪ್ಲಾಸ್ಟ್‌ಗಳು ಕೋಶದ ಅಂಚಿಗೇ ಒತ್ತಿಕೊಂಡು, ಭಿತ್ತಿಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಿದ್ದವು. ಇಟಲಿಯ ವಿಜ್ಞಾನಿ ಬೊನಾವೆಂಚುರಾ ಕೊರ್ತಿ 1774ರಲ್ಲಿಯೇ ವರ್ಣಿಸಿದ ಚಲನೆ ಇದೇ; ಕ್ಲೋರೋಪ್ಲಾಸ್ಟ್‌ಗಳು ತಾವಾಗಿ ಈಜುವುದಿಲ್ಲ, ಆಕ್ಟಿನ್ ಎಳೆಗಳ ಮೇಲೆ ಸಾಗುವ ಮಯೋಸಿನ್ ಪ್ರೋಟೀನು ಕೋಶದ್ರವ್ಯವನ್ನು ಹರಿಯಿಸುತ್ತದೆ. ಅವು ನಡುವೆ ಹಾಯದೆ ಅಂಚಿನಲ್ಲೇ ಉಳಿಯುವುದಕ್ಕೆ ಕಾರಣ ಮಾತ್ರ ನಡುಜಾಗವನ್ನು ತುಂಬಿರುವ ರಸದಾನಿ.

ಅದನ್ನು ನೇರವಾಗಿ ಕಾಣಿಸಿದ್ದು ರಿಯೋ ಗಿಡದ ಎಲೆ. ಎಲೆಯ ಕೆಳಮೈಯ ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ರಸದಾನಿಯೊಳಗೇ ಕರಗಿರುವುದರಿಂದ ಬೇರೆ ಬಣ್ಣ ಹಾಕುವ ಅಗತ್ಯವಿಲ್ಲ; ಪತ್ರರಂಧ್ರದ ಕಾವಲು ಕೋಶಗಳು ಮಾತ್ರ ನೇರಳೆಯ ನಡುವೆ ಹಸಿರಾಗಿ ಎದ್ದು ಕಾಣುತ್ತವೆ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಗಟ್ಟಿ ಉಪ್ಪುನೀರು ಬಿಟ್ಟು, ಇನ್ನೊಂದು ಅಂಚಿನಿಂದ ಸೋಸುಕಾಗದದಿಂದ ಹೀರಿದಾಗ, ರಸದಾನಿಯ ನೀರು ಹೊರಹೋಗಿ ನೇರಳೆ ಬಣ್ಣ ಗಾಢವಾಗುತ್ತ, ಕೋಶಪೊರೆ ಭಿತ್ತಿಯನ್ನು ಬಿಟ್ಟು ಒಳಕ್ಕೆ ಸರಿಯಿತು. ಭಿತ್ತಿಯ ಆಕಾರ ಹೆಚ್ಚೇನೂ ಬದಲಾಗಲಿಲ್ಲ. ತಡಮಾಡದೆ ಬರಿನೀರು ಹಾಯಿಸಿದಾಗ ಬಹುಪಾಲು ಕೋಶಗಳು ಮತ್ತೆ ತುಂಬಿಕೊಂಡವು. ಕುದಿಸಿದ ಎಲೆಯಲ್ಲಿ ಪೊರೆಗಳು ಹಾಳಾಗಿ ಬಣ್ಣವೇ ಸೋರಿಹೋಗುವುದರಿಂದ, ಈ ಕುಗ್ಗುವಿಕೆ ಜೀವಂತ ಪೊರೆಯ ಲಕ್ಷಣವೆಂಬುದಕ್ಕೆ ಅದು ಒಳ್ಳೆಯ ಹೋಲಿಕೆ. ನೀರು ಕಾಣದ ಗಿಡ ಬಾಡುವುದಕ್ಕೂ ರಸದಾನಿಯ ಒತ್ತಡ ಇಳಿಯುವುದೇ ಮುಖ್ಯ ಕಾರಣವಾದ್ದರಿಂದ, ಅದನ್ನು ಬರಿಯ ಉಗ್ರಾಣವೆಂದು ವಿವರಿಸುವುದು ನನಗೆ ಸಾಲದೆನಿಸುತ್ತದೆ.

ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗವಾದ ಮೈಟೋಕಾಂಡ್ರಿಯಾ ನೋಡಲು ಜೇನಸ್ ಗ್ರೀನ್ ಬಣ್ಣ ಬೇಕು. ಅದು ಸಿಗುವವರೆಗೆ ರಸದಾನಿಯಲ್ಲೇ ಮುಂದುವರಿಯುತ್ತೇನೆ. ಕೆಸುವಿನ ದಂಟಿನ ಕೆಲವು ಕೋಶಗಳ ರಸದಾನಿಯಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಕಟ್ಟುಗಳಿರುತ್ತವೆ. ಹಸಿ ಕೆಸು ಗಂಟಲು ತುರಿಸುವುದರಲ್ಲಿ ಇವುಗಳ ಪಾತ್ರವಿದೆ. ಮುಂದಿನ ಸ್ಲೈಡು ಅದರದ್ದು. ದಂಟನ್ನು ಕೊಯ್ಯುವಾಗ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.