ಗಣಿತದ ಕ್ಲಾಸಿನಲ್ಲಿ ಕೆಲಸದ ಅರ್ಜಿ ಯಾಕೆ ಬರೆಸ್ತೀರಿ ಮೇಡಂ?

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವರೂ ಕೇಳುತ್ತಾರೆ. ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಇಂಟರ್ನಲ್ಸ್‌ನ ಒಂದು ಅಸೈನ್‌ಮೆಂಟಿನಲ್ಲಿ ಲೆಕ್ಕದ ಜೊತೆಗೆ ಒಂದು ಪುಟದ ಕೆಲಸದ ಅರ್ಜಿಯನ್ನೂ ಬರೆಸುತ್ತೇನೆ. ಅದಕ್ಕೂ ಅಂಕ ಇದೆ. "ಪ್ಲೇಸ್‌ಮೆಂಟ್ ಸೆಲ್ ಇದೆಯಲ್ವಾ, ನಿಮಗ್ಯಾಕ್ರಿ ಈ ಉಸಾಬರಿ?" ಎನ್ನುತ್ತಾರೆ. ಅದರ ಬೆನ್ನಿಗೇ "ಸಿಲಬಸ್ ಮುಗಿಯುತ್ತಾ?" ಅಂತ ಇನ್ನೊಂದು.

ಮೊದಲು ಪ್ಲೇಸ್‌ಮೆಂಟ್ ಸೆಲ್ ವಿಷಯ. ಅರ್ಜಿ, ಇಂಟರ್‌ವ್ಯೂಗೆ ತಯಾರು ಮಾಡುವ ಅದರ ತರಬೇತಿಗಳು ಸಾಮಾನ್ಯವಾಗಿ ಕ್ಲಾಸ್ ಮುಗಿದ ಮೇಲೆ, ಇಲ್ಲವೇ ಶನಿವಾರ ಮಧ್ಯಾಹ್ನ ಇರುತ್ತವೆ. ಯಾರು ಬರುತ್ತಾರೆ? ಊರೊಳಗೆ ಮನೆ ಇರುವವರು. ಇಂಗ್ಲಿಷ್ ಮೊದಲೇ ಚೆನ್ನಾಗಿ ಬರುವವರು. ಅಣ್ಣನೋ ಅಕ್ಕನೋ ಬೆಂಗಳೂರಲ್ಲಿ ಕೆಲಸಕ್ಕಿದ್ದು, ಫೋನಿನಲ್ಲಿ ಹೇಳಿಕೊಡುವ ಜನ ಇರುವವರು. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯವರಿಗೆ ಬಸ್ಸಿನ ಚಿಂತೆ. ಮೆಕ್ಕೆಜೋಳ ಮುರಿಯುವ ಕಾಲ ಬಂದರಂತೂ ಕೆಲವರು ಕಾಲೇಜಿಗೇ ಬರುವುದಿಲ್ಲ. ಯಾರಿಗೆ ಈ ತರಬೇತಿ ಜಾಸ್ತಿ ಬೇಕೋ ಅವರಿಗೇ ಅದು ಸಿಗುವುದಿಲ್ಲ. ಆದರೆ ಇಂಟರ್ನಲ್ಸ್ ಅಂಕವನ್ನು ಯಾರೂ ಬಿಡುವುದಿಲ್ಲ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳಲ್ಲೂ ಕೆಲಸದ ತಯಾರಿಯನ್ನು ಕೋರ್ಸ್‌ವರ್ಕ್ ಒಳಗೇ ಸೇರಿಸಿ ಅಂಕ ಕೊಡುತ್ತಾರೆ. ಅಲ್ಲಿಯ ಮಕ್ಕಳಿಗೂ ಶನಿವಾರ ಮಧ್ಯಾಹ್ನ ಬೇಡವೇನೋ.

ಇದಕ್ಕಿಂತ ದೊಡ್ಡ ಕಾರಣ ನಮ್ಮ ಮಕ್ಕಳ ಬಯೋಡೇಟಾ. ಹೆಚ್ಚಿನವು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇರುವ ಫೈಲಿನಿಂದ ಹುಟ್ಟುತ್ತವೆ. ಹೆಸರು, ಮಾರ್ಕ್ಸ್ ಬದಲಾಗುತ್ತವೆ, ಉಳಿದದ್ದು ಹಾಗೇ. ಶ್ರಮಜೀವಿ, ಬೇಗ ಕಲಿಯುವವನು, ಹವ್ಯಾಸ ಕ್ರಿಕೆಟ್. ಮೂರು ವರ್ಷ ಓದಿದ ಗಣಿತ ಎಲ್ಲಿದೆ ಅಂತ ಹುಡುಕಿದರೆ ಡಿಗ್ರಿಯ ಹೆಸರು, ಶೇಕಡಾವಾರು ಅಂಕ, ಅಷ್ಟೇ. ಅಲ್ಲಿಗೆ ಎಲ್ಲ ಅರ್ಜಿಗಳೂ ಒಂದೇ ಥರ. ಓದಿ ಕರೆಯುವವರಾದರೂ ಯಾರನ್ನು ಅಂತ ಕರೆಯಬೇಕು?

ಇದು ಮಕ್ಕಳ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಾವು ಕೊಡುವ ಅಸೈನ್‌ಮೆಂಟಿನಲ್ಲಿ ಹೇಳಿಕೊಳ್ಳುವಂಥದ್ದು ಏನಿರುತ್ತದೆ? ಹಳೇ ಪ್ರಶ್ನೆಪತ್ರಿಕೆಯ ಐದು ಲೆಕ್ಕ. ಒಬ್ಬರು ಬಿಡಿಸುತ್ತಾರೆ, ಮಿಕ್ಕವರು ವಾಟ್ಸ್ಆ್ಯಪ್ ಫೋಟೋ ನೋಡಿ ಇಳಿಸುತ್ತಾರೆ. ನ್ಯೂಮರಿಕಲ್ ಅನಾಲಿಸಿಸ್ ಪೇಪರಿನಲ್ಲಿ, ಊಹಿಸಿದ ಉತ್ತರವನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗುವ ನ್ಯೂಟನ್-ರಾಫ್ಸನ್ ವಿಧಾನ ಅಂದ ಕೂಡಲೇ ನೆನಪಾಗುವ ಸಮೀಕರಣ ಒಂದಿದೆ: ಎಕ್ಸ್ ಘನ, ಅದರಲ್ಲಿ 2 ಎಕ್ಸ್ ಕಳೆದು, 5 ಕಳೆದರೆ ಸೊನ್ನೆ. ಉತ್ತರ 2.0946. ಇದು ಸ್ವತಃ ನ್ಯೂಟನ್ ಕೊಟ್ಟ ಉದಾಹರಣೆ. ಮುನ್ನೂರು ವರ್ಷ ದಾಟಿತು, ನಾವಿನ್ನೂ ಅದನ್ನೇ ಬಿಡಿಸುತ್ತಾ ಕೂತಿದ್ದೇವೆ.

ಅದರ ಬದಲು ನಾನು ಒಂದು ಸಾಲದ ಲೆಕ್ಕ ಕೊಡುತ್ತೇನೆ. ಒಂದು ಲಕ್ಷ ರೂಪಾಯಿ, ಒಂದು ವರ್ಷದ ಅವಧಿ, 'ಫ್ಲಾಟ್' ಶೇ 12 ಬಡ್ಡಿ, ಅಂದರೆ ಅಸಲು ತೀರುತ್ತಾ ಬಂದರೂ ಪೂರ್ತಿ ಒಂದು ಲಕ್ಷದ ಮೇಲೇ ಬಡ್ಡಿ. ಬಡ್ಡಿ 12,000 ಸೇರಿ ಒಟ್ಟು 1,12,000. ತಿಂಗಳ ಕಂತು 9,333 ರೂಪಾಯಿ. ಅದೇ ಶೇ 12ನ್ನು ಪ್ರತಿ ತಿಂಗಳು ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ ಕಂತು 8,885. ಇಬ್ಬರೂ ಶೇ 12 ಅಂತಲೇ ಹೇಳುತ್ತಾರೆ, ಕಂತಿನಲ್ಲಿ 448 ರೂಪಾಯಿ ವ್ಯತ್ಯಾಸ! ಹಾಗಾದರೆ 9,333 ಕಟ್ಟುವವರು ನಿಜವಾಗಿ ಕೊಡುತ್ತಿರುವ ಬಡ್ಡಿ ಎಷ್ಟು?

ಇಲ್ಲಿ ಗಣಿತ ಶುರುವಾಗುತ್ತದೆ. ಬಡ್ಡಿದರ ಸಮೀಕರಣದೊಳಗೆ ಹನ್ನೆರಡನೇ ಘಾತದ ತನಕ ಸಿಕ್ಕಿಹಾಕಿಕೊಂಡಿದೆ. ನೇರವಾಗಿ ಬಿಡಿಸಲು ಸೂತ್ರ ಇಲ್ಲ. ತಿಂಗಳಿಗೆ ಶೇ 1 ಅಂತ ಊಹಿಸಿ ನ್ಯೂಟನ್-ರಾಫ್ಸನ್ ಹಚ್ಚಿದರೆ ಎರಡು ಮೂರು ಸುತ್ತಿಗೆ ಶೇ 1.79ಕ್ಕೆ ಬಂದು ನಿಲ್ಲುತ್ತದೆ. ವರ್ಷಕ್ಕೆ ಸುಮಾರು ಶೇ 21.5. ಮೊದಲು ಕೈಯಲ್ಲಿ ಮಾಡಬೇಕು, ಆಮೇಲೆ ಲ್ಯಾಬಿನಲ್ಲಿ ಸೈಲ್ಯಾಬ್ ಅಥವಾ ಪೈಥಾನಿನಲ್ಲಿ. ಉತ್ತರ ಬಂದ ದಿನ ಕ್ಲಾಸಿನಲ್ಲಿ ಗದ್ದಲ. ಮನೆಯ ಬೈಕ್ ಸಾಲದ ಪುಸ್ತಕ, ಸಂಘದ ಸಾಲದ ಚೀಟಿ ಎಲ್ಲ ಹೊರಗೆ ಬರುತ್ತವೆ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು, ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಇರಬೇಕು ಅಂತ ಕಡ್ಡಾಯ ಮಾಡಿದೆ. ಆ ಎಪಿಆರ್ ಸಿಗುವುದು ಇದೇ ಲೆಕ್ಕದಿಂದ.

ಅಸೈನ್‌ಮೆಂಟಿನ ಎರಡನೇ ಪುಟದಲ್ಲಿ ಸೂತ್ರ ಇರಬಾರದು. ಮನೆಯಲ್ಲಿ ಸಾಲ ಕಟ್ಟುತ್ತಿರುವ ಯಾರಿಗಾದರೂ ಇದನ್ನು ತಿಳಿಯುವ ಹಾಗೆ ಬರೆಯಬೇಕು. ಮೂರನೇ ಪುಟ ಅರ್ಜಿ. ಬ್ಯಾಂಕ್, ಫೈನಾನ್ಸ್ ಕಂಪನಿ, ಸಾಫ್ಟ್‌ವೇರ್, ಸ್ಕೂಲು, ಯಾವುದಾದರೂ ನಿಜವಾದ ಜಾಹೀರಾತು ತಂದು ಅದಕ್ಕೆ ಬರೆಯಬೇಕು. ಸಂದರ್ಭ ಏನಿತ್ತು, ನಿಮ್ಮ ಪಾಲಿನ ಕೆಲಸ ಯಾವುದು, ಏನು ಮಾಡಿದಿರಿ, ಏನಾಯಿತು: ಈ ನಾಲ್ಕಕ್ಕೆ ಉತ್ತರ ಇರಬೇಕು. ಕಂಪನಿಯವರು ಇದಕ್ಕೆ 'ಸ್ಟಾರ್' ಅಂತ ಹೆಸರಿಟ್ಟಿದ್ದಾರೆ. "ನ್ಯೂಮರಿಕಲ್ ಅನಾಲಿಸಿಸ್ ಜ್ಞಾನವಿದೆ" ಎಂದು ಬರೆಯುತ್ತಿದ್ದವರು ಈಗ "ಫ್ಲಾಟ್ ಶೇ 12 ಸಾಲದ ನಿಜವಾದ ದರ ಶೇ 21.5 ಎಂದು ಲೆಕ್ಕ ಹಾಕಿ, ಪೈಥಾನಿನಲ್ಲಿ ತಾಳೆ ನೋಡಿ, ಗಣಿತ ಓದದ ಮೂವರಿಗೆ ವಿವರಿಸಿದೆ" ಎಂದು ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನೀವು ಮ್ಯಾನೇಜರ್ ಆಗಿದ್ದರೆ ಯಾರನ್ನು ಕರೀತೀರಿ?

ಅರ್ಜಿಯನ್ನು ಚಾಟ್‌ಜಿಪಿಟಿ ಬರೆದುಕೊಡುವುದಿಲ್ವಾ ಅಂತ ಕೇಳುತ್ತಾರೆ. ಬರೆದುಕೊಡುತ್ತದೆ. ಬೇಡ ಅಂತ ನಾನೂ ಹೇಳುವುದಿಲ್ಲ. ಅದಕ್ಕೇ ಕೊನೆಗೆ ಐದು ನಿಮಿಷ ವೈವಾ ಇಟ್ಟಿದ್ದೇನೆ. "ಸಾಲದ ಅವಧಿ ಎರಡು ವರ್ಷ ಮಾಡಿದರೆ ನಿಜವಾದ ದರ ಏರುತ್ತಾ ಇಳಿಯುತ್ತಾ?" ಎಂದು ಕೇಳಿದರೆ ಸಾಕು, ಯಾರು ಬರೆದದ್ದು ಅಂತ ಗೊತ್ತಾಗುತ್ತದೆ. ಇಂಟರ್‌ವ್ಯೂನಲ್ಲೂ ಹೀಗೇ ಕೇಳುತ್ತಾರೆ ತಾನೆ?

ಸರ್ಕಾರಿ ಪರೀಕ್ಷೆ ಬರೆಯುವವರಿಗೆ ಈ ಅರ್ಜಿ ಅಷ್ಟಾಗಿ ಬೇಕಾಗುವುದಿಲ್ಲ, ನಿಜ. ಅಲ್ಲಿ ಫಾರ್ಮ್ ತುಂಬಿ ಪರೀಕ್ಷೆ ಬರೆಯುವುದು. ಆದರೆ ಬ್ಯಾಂಕ್ ಆಫೀಸರ್ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಒ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸ್‌ನಲ್ಲಿ, 35 ಗಣಿತದ ಪ್ರಶ್ನೆಗೆ 20 ನಿಮಿಷ. ಎಂಎಸ್ಸಿ ಮಾಡಿದವರೂ ಇಲ್ಲಿ ಎಡವುತ್ತಾರೆ, ಎಲ್ಲವನ್ನೂ ಹಂತ ಹಂತವಾಗಿ ಬಿಡಿಸಲು ಹೋಗಿ. ನಾವೇ ಹಾಗೆ ಕಲಿಸಿದ್ದು! ಮುಂದೆ ಇಂಟರ್‌ವ್ಯೂ ಇದ್ದೇ ಇದೆ, ಸಾಲದ ಲೆಕ್ಕ ಅಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಜಾಹೀರಾತು ಹುಡುಕುವಾಗ ಇನ್ನೊಂದು ಲಾಭ ಇದೆ. ಬಿಎಡ್ ಮಾಡಿ ಮೇಷ್ಟ್ರಾಗುವುದು ಬಿಟ್ಟು ಬೇರೆ ದಾರಿಗಳೂ ಕಣ್ಣಿಗೆ ಬೀಳುತ್ತವೆ. ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಪಿಯುಸಿ ಗಣಿತದಲ್ಲಿ ಶೇ 60 ಇದ್ದರೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ವಿಮಾ ಕಂಪನಿಗಳಿಗೆ ಅಪಾಯ, ಪ್ರೀಮಿಯಂ ಲೆಕ್ಕ ಹಾಕಿಕೊಡುವ ಆಕ್ಚುರಿ ಆಗಲು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ನಡೆಸುವ ಎಸೆಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಬೋಧಕ ವೃತ್ತಿ ಕಡಿಮೆ ಅಂತ ಇದರರ್ಥ ಅಲ್ಲ, ನಾನೂ ಅದನ್ನೇ ಮಾಡುತ್ತಿರುವುದು.

ಹಾಗಂತ ಎಲ್ಲ ಪೇಪರಿಗೂ ಇದನ್ನು ತುರುಕಬೇಕು ಎನ್ನುವವಳಲ್ಲ ನಾನು. ಗ್ರೂಪ್ ಥಿಯರಿಯನ್ನು ಗ್ರೂಪ್ ಥಿಯರಿಯಾಗಿ ಕಲಿಯಲಿ, ಅದಕ್ಕೆ ಕೆಲಸದ ನೆಪ ಬೇಡ. ನ್ಯೂಮರಿಕಲ್ ಅನಾಲಿಸಿಸ್, ಲೀನಿಯರ್ ಪ್ರೋಗ್ರಾಮಿಂಗ್, ಸ್ಟಾಟಿಸ್ಟಿಕ್ಸ್, ಇಷ್ಟರಲ್ಲಿ ಒಂದೊಂದು ಅಸೈನ್‌ಮೆಂಟ್ ಸಾಕು. ಸಿಲಬಸ್ಸಿಗೆ ಒಂದು ಪುಟವೂ ಸೇರುವುದಿಲ್ಲ, ಹೇಗೂ ಕೊಡುವ ಅಸೈನ್‌ಮೆಂಟ್ ಬದಲಾಗುತ್ತದೆ ಅಷ್ಟೇ. ಹತ್ತು ಅಂಕದಲ್ಲಿ ಲೆಕ್ಕಕ್ಕೆ ಐದು, ವಿವರಣೆಗೆ ಒಂದು, ಅರ್ಜಿಗೆ ಎರಡು, ವೈವಾಗೆ ಎರಡು. ಕೊನೇ ಸೆಮಿಸ್ಟರಿಗೆ ಬೇಡ, ಅಷ್ಟರಲ್ಲಿ ಕಂಪನಿಗಳು ಬಂದು ಹೋಗಿರಬಹುದು. ಒಂದು ವರ್ಷ ಮೊದಲೇ ಶುರು ಮಾಡಿದರೆ ಒಳ್ಳೆಯದು. ಲೀನಿಯರ್ ಪ್ರೋಗ್ರಾಮಿಂಗ್‌ಗೆ ನಾನು ಯೋಚಿಸಿರುವುದು ನಮ್ಮ ಎಪಿಎಂಸಿಯ ಮೆಕ್ಕೆಜೋಳ: ಯಾವ ಊರಿನ ಮಾಲು ಯಾವ ಗೋದಾಮಿಗೆ ಹೋದರೆ ಲಾರಿ ಬಾಡಿಗೆ ಕಡಿಮೆ ಬೀಳುತ್ತದೆ ಅಂತ. ಬಾಡಿಗೆ ದರಗಳನ್ನು ವಿದ್ಯಾರ್ಥಿಗಳೇ ಯಾರ್ಡಿಗೆ ಹೋಗಿ ಕೇಳಿಕೊಂಡು ಬರಬೇಕು.