ಬಾಟಲಿ, ಕ್ಯಾನು, ರಟ್ಟಿನ ಡಬ್ಬಿ: ಮನೆಯ ಪಾನೀಯ ಪ್ರಯೋಗ ಎಲ್ಲಿಗೆ ಬಂತು

ಸದ್ಯದ ಸ್ಥಿತಿ ಹೀಗಿದೆ. ಸೋಡಾ, ಓಟ್ಸ್ ಹಾಲು, ಕೋಲ್ಡ್ ಬ್ರೂ (ತಣ್ಣೀರಲ್ಲೇ ನೆನೆಸಿ ಇಳಿಸಿದ) ಕಾಫಿ ಮೂರೂ ಹದಕ್ಕೆ ಬಂದಿವೆ. ಹುದುಗಿಸಿದ ಶುಂಠಿ ಸೋಡಾ ಮಾತ್ರ ಇನ್ನೂ ಕಾವಲು ಬೇಡುತ್ತಿದೆ. ಗುರಿ ಇರುವುದು ಪಾನೀಯದ ಹೆಸರಲ್ಲಿ ಮನೆಗೆ ಬರುವ ಪ್ಲಾಸ್ಟಿಕ್, ಅಲ್ಯೂಮಿನಿಯಂ, ರಟ್ಟನ್ನು ತಗ್ಗಿಸುವುದು. ಆದರೆ ರುಚಿ ಕೆಟ್ಟರೆ ಅಂಗಡಿಯ ಬಾಟಲಿ ವಾಪಸು ಬಂದೇ ಬರುತ್ತದೆ, ಹಾಗಾಗಿ ರುಚಿಯನ್ನೂ ಬಿಡುವಂತಿಲ್ಲ.

ಅಳತೆಯ ವಿಷಯ ಮೊದಲು. ಪಾನೀಯದ ಕಸಕ್ಕೆಂದೇ ಒಂದು ಚೀಲ ಬೇರೆ ಇಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಎಣಿಕೆ ಸಾಲದು. 330 ಮಿ.ಲೀ. ಅಲ್ಯೂಮಿನಿಯಂ ಕ್ಯಾನು ಸುಮಾರು 13 ಗ್ರಾಂ ತೂಗಿದರೆ, ಒಂದು ಲೀಟರಿನ ರಟ್ಟಿನ ಡಬ್ಬಿ 30 ಗ್ರಾಂ ಆಸುಪಾಸು ಬರುತ್ತದೆ. ಆ ಡಬ್ಬಿಯಲ್ಲಿ ಮುಕ್ಕಾಲು ಪಾಲು ರಟ್ಟು. ಉಳಿದದ್ದು ಪಾಲಿಥಿನ್ ಪದರಗಳು, ನಡುವೆ ತೆಳು ಅಲ್ಯೂಮಿನಿಯಂ ಹಾಳೆ. ಹೀಗೆ ಅಂಟಿಕೊಂಡ ಪದರಗಳನ್ನು ಬಿಡಿಸುವುದು ಕಷ್ಟ, ಎಲ್ಲ ಮರುಬಳಕೆ ಘಟಕಗಳೂ ಇದನ್ನು ತೆಗೆದುಕೊಳ್ಳುವುದಿಲ್ಲ. ಹೆಚ್ಚಿನವರು ಮರೆಯುವುದು ಇನ್ನೊಂದು: ಓಟ್ಸ್ ಚೀಲ, ಕಾಫಿ ಪೊಟ್ಟಣ, ಸಕ್ಕರೆಯ ಕವರು ಇವೂ ಅದೇ ಚೀಲಕ್ಕೆ ಬೀಳಬೇಕು. ಇಲ್ಲದಿದ್ದರೆ ಕಸ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹೋಗಿರುತ್ತದೆ ಅಷ್ಟೆ.

ಸೋಡಾ

ಎಲ್ಲಕ್ಕಿಂತ ಹೆಚ್ಚು ಬಾಟಲಿ ತಪ್ಪಿದ್ದು ಇಲ್ಲಿ. ಇಲ್ಲಿ ಗ್ಯಾಸ್ ಎಂದರೆ ಇಂಗಾಲದ ಡೈಆಕ್ಸೈಡ್, ಅಡುಗೆ ಗ್ಯಾಸ್ ಅಲ್ಲ. 8 ಗ್ರಾಂ ಗ್ಯಾಸಿನ ಬಿಸಾಡುವ ಉಕ್ಕಿನ ಗುಂಡುಗಳನ್ನು ಬಳಸುವ ಸೈಫನ್ (ಕೈಯಲ್ಲಿ ಹಿಡಿಯುವ ಸೋಡಾ ಬಾಟಲಿ) ಈ ಕೆಲಸಕ್ಕೆ ತಕ್ಕುದಲ್ಲ. ಪ್ರತಿ ಲೀಟರಿಗೊಂದು ಗುಂಡು ಖಾಲಿಯಾಗುತ್ತದೆ, ಆ ಚಿಪ್ಪಿನ ತೂಕ ಒಳಗಿದ್ದ ಗ್ಯಾಸಿಗಿಂತ ಹೆಚ್ಚು. ಮರುತುಂಬಿಸುವ ಸಿಲಿಂಡರೇ ಬೇಕು. ಮೇಜಿನ ಯಂತ್ರಗಳ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 425 ಗ್ರಾಂ ಆಸುಪಾಸು ಗ್ಯಾಸ್ ಇರುತ್ತದೆ. ಅದರ ಮೇಲೆ 60 ಲೀಟರ್ ಎಂದು ಬರೆದಿದ್ದರೂ ಖಾರವಾದ ಸೋಡಾಕ್ಕೆ ಲೀಟರಿಗೆ 8 ಗ್ರಾಂ ನೀರಿನಲ್ಲಿ ಕರಗಿರಬೇಕು. ಸೋರಿ ಹೋಗುವುದನ್ನೂ ಸೇರಿಸಿದರೆ 45 ಲೀಟರ್ ಸಿಕ್ಕಿದರೂ ಒಳ್ಳೆಯದೇ.

ದಿನವೂ ಎರಡು ಮೂರು ಲೀಟರ್ ಕುಡಿಯುವ ಮನೆಗೆ 5 ಕೆ.ಜಿ. ಸಿಲಿಂಡರ್, ರೆಗ್ಯುಲೇಟರ್, ಗ್ಯಾಸ್ ಪೈಪು, ಪೆಟ್ (ಪ್ಲಾಸ್ಟಿಕ್) ಬಾಟಲಿಗೆ ಕೂರುವ, ಗ್ಯಾಸ್ ಪೈಪು ಸಿಕ್ಕಿಸುವ ಕಾರ್ಬೊನೇಷನ್ ಮುಚ್ಚಳ ಇಷ್ಟು ಸಾಕು. ಕ್ರಮ ಇದು: ಒಂದು ಲೀಟರಿನ ಬಾಟಲಿಗೆ 800 ಮಿ.ಲೀ. ನೀರು ತುಂಬಿ 4 ಡಿಗ್ರಿಗೆ ತಣ್ಣಗಾಗಿಸಿ. ಬಾಟಲಿಯ ಹೊಟ್ಟೆಯನ್ನು ಹಿಚುಕಿ, ನೀರು ಕುತ್ತಿಗೆಯವರೆಗೆ ಏರಿ ಗಾಳಿಯೆಲ್ಲ ಹೊರಬಿದ್ದ ಮೇಲೆ, ಹಾಗೆಯೇ ಹಿಚುಕಿ ಹಿಡಿದು ಮುಚ್ಚಳ ಬಿಗಿಯಿರಿ. 30 ಪಿಎಸ್‌ಐಗೆ (ಒತ್ತಡದ ಅಳತೆ) ಗ್ಯಾಸ್ ಬಿಟ್ಟಾಗ ತಗ್ಗಿದ್ದ ಬಾಟಲಿ ಟಪ್ಪೆಂದು ಉಬ್ಬುತ್ತದೆ. ಪೈಪು ಹಾಕಿದ್ದಂತೆಯೇ ಅರ್ಧ ನಿಮಿಷ ಜೋರಾಗಿ ಕುಲುಕಿ. ಗ್ಯಾಸ್ ಒಳಹೋಗುವ ಸುಯ್ ಸದ್ದು ನಿಂತರೆ ನೀರು ಕುಡಿಯುವಷ್ಟು ಕುಡಿದಿದೆ ಎಂದರ್ಥ. ಪೈಪು ತೆಗೆದು ಎರಡು ನಿಮಿಷ ಬಿಟ್ಟು ಮುಚ್ಚಳ ಸಡಿಲಿಸಿ, ಇಲ್ಲವಾದರೆ ಅರ್ಧ ಸೋಡಾ ಮೇಜಿನ ಮೇಲೆ.

ಸಪ್ಪೆ ಸೋಡಾದ ದೂರು ಬಂದಲ್ಲೆಲ್ಲ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಒಂದು, ನೀರು ಬೆಚ್ಚಗಿತ್ತು: ಇದೇ 30 ಪಿಎಸ್‌ಐ ಒತ್ತಡದಲ್ಲಿ 4 ಡಿಗ್ರಿಯ ನೀರು ತನ್ನ ಗಾತ್ರದ ನಾಲ್ಕು ಪಟ್ಟು ಗ್ಯಾಸ್ ಹಿಡಿದರೆ, 25 ಡಿಗ್ರಿಯದು ಎರಡು ಪಟ್ಟಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಎರಡು, ಗಾಳಿ ತೆಗೆದಿರಲಿಲ್ಲ: ಒತ್ತಡದ ಮಾಪಕ 30 ತೋರಿಸಿದರೂ ಅದರಲ್ಲಿ ಒಂದು ಪಾಲು ಗಾಳಿಯದು. ಒತ್ತಡ ಏರಿಸಿ ಇದನ್ನು ಸರಿಪಡಿಸಲು ಹೋಗಬೇಡಿ. ತುಂಬ ಶುದ್ಧೀಕರಿಸಿದ ನೀರಾದರೆ ನಾಲಿಗೆ ಚುರ್ ಎನ್ನುತ್ತದೆ. ಲೀಟರಿಗೆ ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಆ ಹುಳಿ ತಗ್ಗುತ್ತದೆ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ದ್ರವ ರೂಪದ ಇಂಗಾಲದ ಡೈಆಕ್ಸೈಡ್ ರೆಗ್ಯುಲೇಟರಿಗೆ ನುಗ್ಗಿ ಅದು ಕೆಡುತ್ತದೆ. ಕಿಟಕಿಯಿಲ್ಲದ ಕೋಣೆ ಬೇಡ. ಗಾಜಿನ ಬಾಟಲಿ ಬೇಡವೇ ಬೇಡ. ಗ್ಯಾಸಿನ ಪಾನೀಯ ಬಂದಿದ್ದ ಪೆಟ್ ಬಾಟಲಿಯೇ ಆಗಬೇಕು. ಅದನ್ನು ಉಗುರು ಬೆಚ್ಚಗಿನ ನೀರಲ್ಲಿ ಮಾತ್ರ ತೊಳೆಯಿರಿ, 70 ಡಿಗ್ರಿ ದಾಟಿದರೆ ಆಕಾರ ಕೆಡುತ್ತದೆ. ಹಿಚುಕಿ ಮಡಿಸಿದ ಕಡೆ ಬೆಳ್ಳಗೆ ಗೆರೆ ಮೂಡಿದ ಬಾಟಲಿಗೆ ಅಲ್ಲಿಗೆ ನಿವೃತ್ತಿ.

ಓಟ್ಸ್ ಹಾಲು

100 ಗ್ರಾಂ ಚಪ್ಪಟೆ ಓಟ್ಸ್, ಒಂದು ಲೀಟರ್ ಐಸ್‌ನಷ್ಟು ತಣ್ಣನೆಯ ನೀರು, ಒಂದು ಚಿಟಿಕೆ ಉಪ್ಪು, ಒಂದು ಚಮಚ ವಾಸನೆಯಿಲ್ಲದ ಎಣ್ಣೆ. ಮಿಕ್ಸಿಯಲ್ಲಿ 30 ಸೆಕೆಂಡು, ಅದಕ್ಕಿಂತ ಒಂದು ಕ್ಷಣವೂ ಹೆಚ್ಚು ಬೇಡ. ಬಟ್ಟೆಯಲ್ಲಿ ಸೋಸುವಾಗ ಹಿಂಡಬಾರದು, ತಾನಾಗಿ ಇಳಿದಷ್ಟೇ ಹಾಲು. ಎಲ್ಲರನ್ನೂ ಕಾಡುವ ಲೋಳೆಗೆ ಮೂಲ ಹಿಂಡುವುದು, ಹೆಚ್ಚು ತಿರುಗಿಸುವುದು, ನೆನೆಸಿಡುವುದು. ಮೂರರಿಂದಲೂ ಪಿಷ್ಟ ಮತ್ತು ಬೀಟಾ ಗ್ಲೂಕನ್ ಎಂಬ ಅಂಟು ನಾರು ನೀರಿಗೆ ಬಿಟ್ಟುಕೊಳ್ಳುತ್ತವೆ. ಕುದಿಸಿದರೆ ಅದೇ ಪಿಷ್ಟ ಗಂಜಿಯಾಗುತ್ತದೆ, ಹಾಗಾಗಿ ಬಿಸಿ ಕಾಫಿಗೆ ಕೊನೆಯಲ್ಲಿ ಸೇರಿಸಬೇಕು. ಕಾರ್ಖಾನೆಯವರು ಅಮೈಲೇಸ್ ಕಿಣ್ವದಿಂದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾರೆ. ಅಂಗಡಿಯದರ ಸಿಹಿ ಅಲ್ಲಿಂದ ಬಂದದ್ದು.

ಒಂದು ಕೆ.ಜಿ. ಚೀಲಕ್ಕೆ ಹತ್ತು ಲೀಟರ್ ಹಾಲು, ಅಂದರೆ ಹತ್ತು ಡಬ್ಬಿಗಳ ಜಾಗದಲ್ಲಿ ಒಂದು ಚೀಲ. ಫ್ರಿಜ್‌ನಲ್ಲಿ ಮೂರು ದಿನ ಬಾಳುತ್ತದೆ, ತಳದಲ್ಲಿ ಕೂತದ್ದನ್ನು ಕುಲುಕಿ ಬಳಸಿ. ಡಬ್ಬಿಯ ಹಾಲಿಗೆ ಸೇರಿಸುವ ಕ್ಯಾಲ್ಸಿಯಂ, ವಿಟಮಿನ್ ಇದರಲ್ಲಿರುವುದಿಲ್ಲ. ಅದನ್ನೇ ನಂಬಿಕೊಂಡಿದ್ದವರು ಬೇರೆ ದಾರಿ ನೋಡಿಕೊಳ್ಳಬೇಕು.

ಕೋಲ್ಡ್ ಬ್ರೂ

ತರಿತರಿಯಾಗಿ ಬೀಸಿದ 100 ಗ್ರಾಂ ಕಾಫಿ ಪುಡಿಗೆ 800 ಮಿ.ಲೀ. ನೀರು, ಫ್ರಿಜ್‌ನಲ್ಲಿ 16 ಗಂಟೆ. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಳ್ಳುವುದರಿಂದ ಕೈಗೆ ಬರುವುದು 600 ಮಿ.ಲೀ. ಡಿಕಾಕ್ಷನ್. ಅಷ್ಟೇ ನೀರು ಅಥವಾ ಹಾಲು ಬೆರೆಸಿದರೆ 1.2 ಲೀಟರ್. ನುಣ್ಣನೆಯ ಪುಡಿ ಹಾಕಿದರೆ ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ, ಗಸಿ ಲೋಟಕ್ಕೂ ಇಳಿಯುತ್ತದೆ. ಕಾಗದದ ಫಿಲ್ಟರ್ ಬದಲು ಮೊದಲು ಸ್ಟೀಲ್ ಜರಡಿ, ಆಮೇಲೆ ಬಟ್ಟೆ. ಬಟ್ಟೆಗೆ ಸೋಪು ಮುಟ್ಟಿಸಬೇಡಿ, ಅದರ ವಾಸನೆ ಮುಂದಿನ ಕಾಫಿಗೆ ಬರುತ್ತದೆ.

ಶುಂಠಿ ಸೋಡಾ

ಹುದುಗಿಗೆ (ಶುಂಠಿ ಸಿಪ್ಪೆಯ ಯೀಸ್ಟ್ ಬೆಳೆಸುವ ಮೂಲ ದ್ರವ): ಕ್ಲೋರಿನ್ ಇಲ್ಲದ 500 ಮಿ.ಲೀ. ನೀರು, ಸಿಪ್ಪೆ ಸಮೇತ ತುರಿದ 20 ಗ್ರಾಂ ಶುಂಠಿ, 20 ಗ್ರಾಂ ಸಕ್ಕರೆ. ದಿನವೂ ಎರಡನ್ನೂ ಹತ್ತತ್ತು ಗ್ರಾಂ ಸೇರಿಸಿ ಕಲಕಿ. 25ರಿಂದ 28 ಡಿಗ್ರಿಯಲ್ಲಿ ಐದಾರು ದಿನಕ್ಕೆ ಗುಳ್ಳೆ ಏಳುತ್ತದೆ. ಏಳದಿದ್ದರೆ ಮೊದಲು ನೀರಿನ ಕ್ಲೋರಿನ್ ಮೇಲೆ ಅನುಮಾನ ಪಡಿ. ಪಾನೀಯಕ್ಕೆ: ಒಂದು ಲೀಟರ್ ನೀರಲ್ಲಿ 40 ಗ್ರಾಂ ಶುಂಠಿ ಹತ್ತು ನಿಮಿಷ ಕುದಿಸಿ ಸೋಸಿ, 70 ಗ್ರಾಂ ಸಕ್ಕರೆ ಕರಗಿಸಿ. 30 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ 30 ಮಿ.ಲೀ. ನಿಂಬೆ ರಸ, ಸೋಸಿದ ಹುದುಗು 60 ಮಿ.ಲೀ. ಹಾಕಿ ಪೆಟ್ ಬಾಟಲಿಗೆ ತುಂಬಿ.

ಅಪಾಯ ಇರುವುದು ಸಕ್ಕರೆಯ ಲೆಕ್ಕದಲ್ಲಿ. ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಪಾನೀಯದ ಗಾತ್ರದ ಒಂದು ಪಟ್ಟು ಗ್ಯಾಸ್ ಹುಟ್ಟುತ್ತದೆ. ಬೇಕಾದ ಮೂರೂವರೆ ಪಟ್ಟಿಗೆ 14 ಗ್ರಾಂ ಸಾಕು. ಉಳಿದ 56 ಗ್ರಾಂ ಸಿಹಿಗೆಂದು ಹಾಕಿದ್ದು, ಆದರೆ ಯೀಸ್ಟಿಗೆ ಅದು ಗೊತ್ತಿಲ್ಲ. ಹೊರಗೇ ಬಿಟ್ಟರೆ ಲೆಕ್ಕದಂತೆ 17 ಪಟ್ಟು ಗ್ಯಾಸ್ ಆಗಬಹುದು, ಅಷ್ಟರೊಳಗೆ ಬಾಟಲಿ ಸಿಡಿದಿರುತ್ತದೆ. ಗಾಜಾದರೆ ಚೂರುಗಳು ಕೋಣೆಯ ತುಂಬ. ಬೆಳಿಗ್ಗೆ, ಸಂಜೆ ಬಾಟಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಿಸಿ. ಫ್ರಿಜ್ ಹುದುಗುವಿಕೆಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ವಾರದೊಳಗೆ ಕುಡಿದು ಮುಗಿಸಬೇಕು. ಆ 14 ಗ್ರಾಂ ಸಕ್ಕರೆಯಿಂದ ಶೇ. 1ಕ್ಕಿಂತ ತುಸು ಕಡಿಮೆ ಆಲ್ಕೊಹಾಲೂ ಬರುತ್ತದೆ, ಮಕ್ಕಳಿರುವ ಮನೆಯವರು ಗಮನಿಸಿ.

ಕಸ ತಗ್ಗಿಸುವುದಷ್ಟೇ ಉದ್ದೇಶವಾದರೆ ಹುದುಗಿನ ಗೊಡವೆ ಯಾಕೆ? ಸಕ್ಕರೆ, ನೀರು ಸಮತೂಕ ಹಾಕಿ ಶುಂಠಿಯ ಪಾಕ ಮಾಡಿಟ್ಟು, ಒಂದು ಪಾಲಿಗೆ ಐದು ಪಾಲು ಸೋಡಾ ಬೆರೆಸಿ. ಸಮತೂಕದ ಪಾಕ ಫ್ರಿಜ್‌ನಲ್ಲಿ ಎರಡು ವಾರ ಕೆಡುವುದಿಲ್ಲ. ಸಕ್ಕರೆ ಎರಡರಷ್ಟಾದರೆ ಇನ್ನೂ ಹೆಚ್ಚು ಬಾಳುತ್ತದೆ. ಪಾಕವನ್ನು ಯಂತ್ರದ ಬಾಟಲಿಗೆ ಮೊದಲೇ ಹಾಕಿದರೆ ನೊರೆ ಉಕ್ಕಿ ಕವಾಟಕ್ಕೆ ಏರುತ್ತದೆ, ಸಕ್ಕರೆ ಅಂಟಿ ಕವಾಟ ಕಚ್ಚಿಕೊಳ್ಳುತ್ತದೆ. ಸೋಡಾ ತಯಾರಾದ ಮೇಲೆ ಲೋಟದ ಅಂಚಿನಿಂದ ನಿಧಾನ ಇಳಿಸುವುದೇ ಸರಿ.

ಮುಂದಿನ ಹಂತಕ್ಕೆ ಉಳಿದದ್ದು ಓಟ್ಸ್ ಹಾಲಿಗೆ ಅಮೈಲೇಸ್ ಹಾಕಿ 60ರಿಂದ 65 ಡಿಗ್ರಿಯಲ್ಲಿ ಹದ ನೋಡುವುದು, ಮತ್ತೆ ಕಾರ್ಬೊನೇಷನ್ ಮುಚ್ಚಳದ ಸವೆದ ವಾಷರ್‌ಗಳನ್ನು ಬದಲಿಸುವುದು. ವಾಷರ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಇಡೀ ಮುಚ್ಚಳ ಎಸೆಯಬೇಕಿಲ್ಲ.