ರಂಗಸ್ಥಳದಲ್ಲಿ ಫೋಕಸ್ ಎಷ್ಟು ಸೆಂಟಿಮೀಟರ್?

ಯಕ್ಷಗಾನದ ಫೋಟೋಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು: ಕಿರೀಟದ ಮಣಿಗಳನ್ನು ಎಣಿಸಬಹುದು, ವೇಷದ ಕಣ್ಣು ಮಾತ್ರ ಮಸುಕು. ಲೆನ್ಸನ್ನು ದೂರುವ ಮೊದಲು ಡೆಪ್ತ್ ಆಫ್ ಫೀಲ್ಡ್, ಅಂದರೆ ಫೋಕಸ್‌ನ ಹಿಂದೆ ಮುಂದೆ ಸ್ಪಷ್ಟವಾಗಿ ಬರುವ ಆಳ, ಎಷ್ಟಿತ್ತೆಂದು ಲೆಕ್ಕ ಹಾಕಿ.

ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಎಫ್/1.8 (ಲೆನ್ಸಿನ ರಂಧ್ರದ ಅಳತೆ; ಅಂಕಿ ದೊಡ್ಡದಾದಷ್ಟು ರಂಧ್ರ ಕಿರಿದು, ಬೆಳಕು ಕಡಿಮೆ), ವೇಷ 2 ಮೀಟರ್ ದೂರ, ಫೋಕಸ್ ಕಣ್ಣಿಗೆ. ಸ್ಪಷ್ಟವಾಗಿ ಬರುವ ಆಳ ಒಟ್ಟು 11 ಸೆಂ.ಮೀ. ಆಸುಪಾಸು, ಕಣ್ಣಿನ ಮುಂದೆ ಐದೂವರೆ, ಹಿಂದೆ ಸುಮಾರು ಅಷ್ಟೇ. ಮುಂದೆ ಮೂರನೇ ಒಂದು, ಹಿಂದೆ ಮೂರನೇ ಎರಡು ಎಂಬ ಬಾಯಿಪಾಠ ಇಷ್ಟು ಹತ್ತಿರದಲ್ಲಿ ನಡೆಯುವುದಿಲ್ಲ. ಅಲ್ಲೇ ನಿಂತು ಎಫ್/2.8 ಮಾಡಿದರೆ 18 ಸೆಂ.ಮೀ. ಸಿಗುತ್ತದೆ. ಎಫ್/1.8ರಲ್ಲೇ ಒಂದು ಮೀಟರ್ ಹಿಂದೆ ಸರಿದರೆ 26; ಬೆಳಕೂ ಉಳಿಯಿತು. ಆದರೆ ಚೌಕಟ್ಟು ಅಗಲವಾಗುತ್ತದೆ, ಆಮೇಲೆ ಕತ್ತರಿಸಿ ಹಿಗ್ಗಿಸಿದರೆ ಈ ಲಾಭದಲ್ಲಿ ಒಂದು ಪಾಲು ಕರಗುತ್ತದೆ.

ಫೋಕಸ್ ಪಾಯಿಂಟ್ ಆರಿಸುವುದನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಥಳಥಳಿಸುವ ಮಣಿಗೇ ಹಿಡಿಯುವ ಸಂಭವ ಹೆಚ್ಚು. ನಡುವಿನ ಪಾಯಿಂಟಿನಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಚೌಕಟ್ಟು ಹೊಂದಿಸಲು ಕ್ಯಾಮೆರಾ ತಿರುಗಿಸುವುದೂ ಅಪಾಯವೇ: 10 ಡಿಗ್ರಿ ತಿರುಗಿಸಿದರೆ 2 ಮೀಟರಿನಲ್ಲಿ ಫೋಕಸ್ 3 ಸೆಂ.ಮೀ. ಹಿಂದೆ ಜಾರುತ್ತದೆ. ನೀವು ಇನ್ನು ಮೂರು ಸೆಂ.ಮೀ. ಮುಂದೆ ಬಾಗಿದರೆ ಕಣ್ಣು ಹೋಯಿತು. ಪಾಯಿಂಟನ್ನೇ ಕಣ್ಣಿನ ಮೇಲೆ ಸರಿಸಿ, ಕಂಟಿನ್ಯುಅಸ್ ಫೋಕಸ್‌ನಲ್ಲಿಡಿ (ದೂರ ಬದಲಾದಂತೆ ಕ್ಯಾಮೆರಾ ಫೋಕಸ್ ಸರಿಪಡಿಸುತ್ತಲೇ ಇರುವ ವಿಧಾನ).

ಮುಮ್ಮೇಳ, ಹಿಮ್ಮೇಳ ಎರಡೂ ಸ್ಪಷ್ಟವಾಗಿ ಬೇಕೇ? ವೇಷ 3 ಮೀಟರ್, ಭಾಗವತರು 5 ಮೀಟರ್ ದೂರದಲ್ಲಿದ್ದರೆ 35 ಮಿ.ಮೀ., ಎಫ್/5.6 ಇಟ್ಟು 3.75 ಮೀಟರಿಗೆ ಫೋಕಸ್ ಮಾಡಿ. 2.8ರಿಂದ 5.7 ಮೀಟರ್‌ವರೆಗೆ ಸಿಗುತ್ತದೆ. ಆದರೆ ಬೆಳಕು ಎಫ್/1.8ರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಇದನ್ನು ಕುಣಿತದಲ್ಲಿ ಪ್ರಯತ್ನಿಸಬೇಡಿ. ಅರ್ಥ ಹೇಳುತ್ತಾ ವೇಷ ನಿಂತಿರುವಾಗ 1/60 ಸೆಕೆಂಡ್ ಶಟರ್ ವೇಗ ಸಾಕಾಗುತ್ತದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಸಮಸ್ಯೆ ತಿರುಗುಮುರುಗು. ಕಾಲಬುಡದ ಕಂಬಗಲ್ಲಿನಿಂದ ದಿಗಂತದವರೆಗೆ ಎಲ್ಲವೂ ಬೇಕು. 18 ಮಿ.ಮೀ., ಎಫ್/11, ಫೋಕಸ್ ಒಂದೂವರೆ ಮೀಟರಿಗೆ: 75 ಸೆಂ.ಮೀ.ಯಿಂದ ಅನಂತದವರೆಗೆ ಸ್ಪಷ್ಟ. ದಿಗಂತಕ್ಕೇ ಫೋಕಸ್ ಮಾಡಿದರೆ ಒಂದೂವರೆ ಮೀಟರಿಗಿಂತ ಹತ್ತಿರದ ಕಲ್ಲು ಮಸುಕಾಗುತ್ತದೆ. ಎಫ್/22 ಬೇಡ, ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆಯಲೂ ಬೇಡಿ. ಕರಾವಳಿಯ ಸೆಕೆಗೆ ಲೆನ್ಸ್ ಮೇಲೆ ಆವಿ ಕೂರುತ್ತದೆ. ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಇರಲಿ.